ಹುಬ್ಬಳ್ಳಿ-ಧಾರವಾಡದ ಗಾಡಿ ಹೊರರಾಜ್ಯಕ್ಕೆ ಮಾರುವಾಗ: ಪ್ಲೇಟು, ಎನ್‌ಒಸಿ, ಸಹಿ

ನಮ್ಮ ಕಡೆಯ ಗಾಡಿಗೆ ಗೋವಾ, ಕೊಲ್ಹಾಪುರ, ಸಾಂಗ್ಲಿಯ ಗಿರಾಕಿ ಸಿಗುವುದು ಹೊಸದೇನಲ್ಲ. ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಬಂದು ಗಾಡಿ ನೋಡುತ್ತಾರೆ, ರೇಟು ಮಾತಾಡುತ್ತಾರೆ, ಅವತ್ತೇ ಓಡಿಸಿಕೊಂಡು ಹೋಗುತ್ತೇವೆ ಅನ್ನುತ್ತಾರೆ. "ಫಾರ್ಮಿಗೆ ಸಹಿ ಮಾಡಿ ಕೊಡ್ರಿ ಸರ, ಉಳದದ್ದೆಲ್ಲಾ ನಾವ ನೋಡ್ಕೋತೀವಿ" ಅನ್ನುವ ಮಾತೂ ಜೊತೆಗೇ ಬರುತ್ತದೆ.

ಇದೊಂದಕ್ಕೆ ಮಾತ್ರ ಹೂಂ ಅನ್ನಬೇಡಿ. ದುಡ್ಡು ಬಂತು, ಕೀ ಹೋಯಿತು ಅಂದಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ಗಾಡಿ ಅವರದಾಗುವುದಿಲ್ಲ. ಆರ್‌ಟಿಓ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತದ ಕೇಸಿನಲ್ಲಿ ಇದನ್ನೇ ಹೇಳಿತು. ಆ ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಆದರೆ ಹೆಸರು ಬದಲಾಗಿರಲಿಲ್ಲ. ಪರಿಹಾರದ ಹೊಣೆ ಮೊದಲು ಮಾರಿದವರ ತಲೆಗೇ ಬಂತು. ಹಾಗಾಗಿ ಮುಂದಿನ ಎಲ್ಲ ಕೆಲಸದ ಗುರಿ ಒಂದೇ: ಕೀ ಕೊಡುವ ಮೊದಲು ಎನ್‌ಒಸಿ (ಗಾಡಿ ಹೊರರಾಜ್ಯಕ್ಕೆ ಹೋಗಲು ನಮ್ಮ ಆರ್‌ಟಿಓದ ಅಭ್ಯಂತರವಿಲ್ಲ ಎಂಬ ಪತ್ರ) ಕೈಯಲ್ಲಿರಬೇಕು, ಕೀ ಕೊಟ್ಟ ಮೇಲೆ ನಿಮ್ಮ ಹೆಸರು ಹೋಗುವವರೆಗೂ ಕಣ್ಣಿಟ್ಟಿರಬೇಕು.

ಮೊದಲು ಪ್ಲೇಟಿನ ವಿಷಯ

ನಂಬರ್ ಪ್ಲೇಟ್ ಬಿಚ್ಚಿಟ್ಟುಕೊಳ್ಳಬೇಕಾ ಅಂತ ಕೇಳುವವರಿದ್ದಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಪ್ಲೇಟು ಮಾಲೀಕರ ಜೊತೆ ಉಳಿಯುತ್ತದೆ. ಅಲ್ಲಿರುವ ನೆಂಟರ ಮಾತು ಕೇಳಿ ಇಲ್ಲಿ ಸ್ಪ್ಯಾನರ್ ಹಿಡಿಯಬೇಡಿ. ನಮ್ಮಲ್ಲಿ ನಂಬರು ಗಾಡಿಯದು. ನಿಮ್ಮ ಕೆಎ-25 ಅಥವಾ ಕೆಎ-63 ಪ್ಲೇಟು ಗಾಡಿಯ ಮೇಲೆಯೇ ಗಡಿ ದಾಟುತ್ತದೆ. ಗದಗದ ಕೆಎ-26, ಹಾವೇರಿಯ ಕೆಎ-27 ಕೂಡ ಅಷ್ಟೇ. ಅಲ್ಲಿನ ಆರ್‌ಟಿಓ ಹೊಸ ನಂಬರು ಕೊಡುವವರೆಗೆ ಆ ಗಾಡಿಯ ಗುರುತು ಅದೇ. ಪ್ಲೇಟಿಲ್ಲದೆ ರಸ್ತೆಗೆ ಇಳಿಸಿದರೆ ಮೊದಲ ಚೆಕ್‌ಪೋಸ್ಟಿನಲ್ಲೇ ಹಿಡಿಯುತ್ತಾರೆ.

ಈಗಿನ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಪ್ಲೇಟನ್ನು ಸುಮ್ನೆ ಬಿಚ್ಚಲೂ ಆಗುವುದಿಲ್ಲ. ಅದನ್ನು ಕೂರಿಸುವುದು ಸ್ನ್ಯಾಪ್ ಲಾಕ್‌ನಲ್ಲಿ, ತೆಗೆಯಬೇಕೆಂದರೆ ಲಾಕ್ ಒಡೆಯಬೇಕು. ಎಡಗಡೆ ಅಶೋಕ ಚಕ್ರದ ಹಾಲೋಗ್ರಾಮ್, ಅದರ ಕೆಳಗೆ ಲೇಸರ್‌ನಲ್ಲಿ ಕೆತ್ತಿದ ಸಣ್ಣ ಕೋಡ್ ಇರುತ್ತದೆ. ಆ ಕೋಡ್ ನಿಮ್ಮ ಗಾಡಿಯ ಹೆಸರಲ್ಲಿ ವಾಹನ್ ದಾಖಲೆಗೆ, ಅಂದರೆ ಸರ್ಕಾರದ ಕಂಪ್ಯೂಟರ್ ನೋಂದಣಿ ದಾಖಲೆಗೆ, ಸೇರಿರುತ್ತದೆ. ಕಾರಾದರೆ ಮುಂದಿನ ಗಾಜಿನ ಒಳಗೆ ಒಂದು ಸ್ಟಿಕ್ಕರ್ ಕೂಡ ಇದೆ. ಪೆಟ್ರೋಲ್, ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ ಬಣ್ಣ. ಅದನ್ನೂ ಕೀಳಬೇಡಿ. ಹೊಸ ನಂಬರು ಬಂದಾಗ ಹೊಸ ಪ್ಲೇಟು, ಹೊಸ ಸ್ಟಿಕ್ಕರ್ ಎರಡನ್ನೂ ಹಾಕಿಸುವುದು ಕೊಂಡವರ ಕೆಲಸ, ಅವರ ಖರ್ಚು.

2019ರ ಏಪ್ರಿಲ್ 1ಕ್ಕಿಂತ ಹಳೆಯ ಗಾಡಿಗೆ ಇನ್ನೂ ಎಚ್‌ಎಸ್‌ಆರ್‌ಪಿ ಹಾಕಿಸಿಲ್ಲವೇ? ಹಾಕಿಸಿಬಿಡಿ. ಅದಿಲ್ಲದ ಗಾಡಿಗೆ ಮಾಲೀಕತ್ವ ಬದಲಾವಣೆಯಂಥ ಸೇವೆ ಕೊಡುವುದಿಲ್ಲ ಎಂದು ಸರ್ಕಾರ 2023ರ ಆಗಸ್ಟ್‌ನ ಅಧಿಸೂಚನೆಯಲ್ಲೇ ಹೇಳಿತ್ತು. ಹೇಗೂ ಬದಲಾಗುವ ಪ್ಲೇಟಿಗೆ ದುಡ್ಡು ದಂಡ ಅಲ್ವಾ ಅನ್ನಿಸುತ್ತದೆ, ಅನ್ನಿಸಲಿ. ಕೌಂಟರಿನಿಂದ ವಾಪಸ್ ಬರುವುದಕ್ಕಿಂತ ಅಗ್ಗ.

ಇನ್ನು ಫ್ಯಾನ್ಸಿ ನಂಬರು. ಹರಾಜಿನಲ್ಲಿ ದುಡ್ಡು ಸುರಿದು ತೆಗೆದುಕೊಂಡಿದ್ದರೂ ಹೊರರಾಜ್ಯದವರಿಗೆ ಅದರಿಂದ ಲಾಭವಿಲ್ಲ. ಅವರಿಗೆ ಸಿಗುವುದು ಎಂಎಚ್ ಅಥವಾ ಜಿಎ ಸರಣಿಯ ಬೇರೆ ನಂಬರು. ಅದನ್ನು ಸೇರಿಸಿ ರೇಟು ಹೇಳಿದರೆ ವ್ಯಾಪಾರ ಕುದುರುವುದಿಲ್ಲ.

ಗಿರಾಕಿ ಬರುವ ಮೊದಲೇ ಮುಗಿಸುವ ಕೆಲಸ

ಆರ್‌ಸಿ ಕಾರ್ಡ್ ಹಿಡಿದುಕೊಂಡು ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಪೋರ್ಟಲ್‌ನಲ್ಲಿ ನಿಮ್ಮ ಗಾಡಿಯ ವಿವರ ತೆಗೆಯಿರಿ. ಹೆಸರಿನ ಅಕ್ಷರ, ಚಾಸಿ ನಂಬರು, ಎಂಜಿನ್ ನಂಬರು ಎಲ್ಲ ಕಾರ್ಡಿನಲ್ಲಿರುವಂತೆಯೇ ಇವೆಯೇ ನೋಡಿ. ಇನ್ಶೂರೆನ್ಸ್, ಹೊಗೆ ತಪಾಸಣೆ ಚಾಲ್ತಿಯಲ್ಲಿರಲಿ. ಚಲನ್ ಬಾಕಿ ಇದ್ದರೆ ಇ-ಚಲನ್ ಜಾಲತಾಣದಲ್ಲಿ ಗೊತ್ತಾಗುತ್ತದೆ. ಅವಳಿ ನಗರದ ಸಿಗ್ನಲ್ ಕ್ಯಾಮೆರಾಗಳಲ್ಲಿ ಬಿದ್ದ ದಂಡ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಎಲ್ಲ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಜಾಸ್ತಿ ಜನ ಸಿಕ್ಕಿಕೊಳ್ಳುವುದು ಮೊಬೈಲ್ ನಂಬರಿನಲ್ಲಿ. ಎನ್‌ಒಸಿ ಅರ್ಜಿಗೆ ಓಟಿಪಿ ಬೇಕು. ಹಳೆಯ ಗಾಡಿಗಳಲ್ಲಿ ವಾಹನ್ ದಾಖಲೆಗೆ ಕೊಟ್ಟ ನಂಬರು ಶೋರೂಮಿನ ಹುಡುಗನದೋ, ಏಜೆಂಟರದೋ ಆಗಿರುತ್ತದೆ. ಓಟಿಪಿ ಅಲ್ಲಿಗೆ ಹೋಗುತ್ತದೆ, ನೀವು ಫೋನ್ ನೋಡುತ್ತಾ ಕೂರುತ್ತೀರಿ. ಪೋರ್ಟಲ್‌ನಲ್ಲಿಯೇ ಮೊಬೈಲ್ ನಂಬರ್ ಬದಲಿಸುವ ಸೇವೆ ಇದೆ. ಗಾಡಿ ನಂಬರು, ಚಾಸಿ ನಂಬರು, ಎಂಜಿನ್ ನಂಬರು, ನೋಂದಣಿ ದಿನಾಂಕ ಕೇಳುತ್ತದೆ. ಗಾಡಿ ಮಾರಬೇಕು ಅನ್ನಿಸಿದ ದಿನವೇ ಇದನ್ನು ಮಾಡಿ.

ಸಾಲದ ಗುರುತು ಇನ್ನೊಂದು ಗಂಟು. ಸಾಲ ತೀರಿಸಿ ವರ್ಷಗಳಾಗಿರುತ್ತವೆ, ಆದರೆ ಆರ್‌ಸಿಯಲ್ಲಿ ಎಚ್‌ಪಿ ಎಂಬ ಆ ಗುರುತು ಹಾಗೇ ಕೂತಿರುತ್ತದೆ. ಅದನ್ನು ತೆಗೆಸದೆ ಎನ್‌ಒಸಿ ಕೇಳಿದರೆ ಬ್ಯಾಂಕಿನ ಒಪ್ಪಿಗೆ ಎಲ್ಲಿ ಅನ್ನುತ್ತಾರೆ. ಬ್ಯಾಂಕಿನಿಂದ ಸಾಲ ತೀರಿದ ಪತ್ರ, ಜೊತೆಗೆ ಸೀಲು ಸಹಿ ಇರುವ ಫಾರ್ಮ್ 35 ತೆಗೆದುಕೊಂಡು ಎಚ್‌ಪಿ ರದ್ದು ಮಾಡಿಸಿ. ನಮ್ಮ ಭಾಗದಲ್ಲಿ ಇದಕ್ಕೊಂದು ತಿರುವು ಇದೆ. ಎಷ್ಟೋ ಆರ್‌ಸಿಗಳಲ್ಲಿ ಇರುವ ಬ್ಯಾಂಕೇ ಈಗ ಆ ಹೆಸರಲ್ಲಿ ಇಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿಗೆ ಸೇರಿತು, ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ. ಧಾರವಾಡದಲ್ಲೇ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಗಿದೆ. ನೀವು ಸಾಲ ತೆಗೆದ ಶಾಖೆಗೇ ಹೋಗಿ, ಹಳೆಯ ಸಾಲದ ಖಾತೆ ನಂಬರು ಒಯ್ಯಿರಿ. ಪತ್ರದಲ್ಲಿ ಹಳೆಯ ಹೆಸರು, ಈಗಿನ ಹೆಸರು ಎರಡೂ ಇರುವಂತೆ ಬರೆಸಿಕೊಳ್ಳಿ. ಇಲ್ಲದಿದ್ದರೆ ಆರ್‌ಸಿಯಲ್ಲಿ ಒಂದು ಹೆಸರು, ಸೀಲಿನಲ್ಲಿ ಇನ್ನೊಂದು ಹೆಸರು ಅಂತ ಕಾಗದ ವಾಪಸ್ ಬರುತ್ತದೆ. ಸೌಹಾರ್ದ ಸೊಸೈಟಿಯ ಸಾಲವಾಗಿದ್ದು ಸೊಸೈಟಿಯೇ ಬಾಗಿಲು ಹಾಕಿದ್ದರೆ ಓಡಾಟ ಇನ್ನೂ ಜಾಸ್ತಿ. ಅದು ಬಗೆಹರಿಯುವವರೆಗೆ ಯಾರಿಂದಲೂ ಮುಂಗಡ ಹಿಡಿಯಬೇಡಿ.

ಮುಂಗಡ, ಆಮೇಲೆ ಎನ್‌ಒಸಿ

ಆರ್‌ಟಿಓ ಸುತ್ತ ಎರಡು ಮಾತು ಕೇಳಿಸುತ್ತವೆ: ಸಿಸಿ, ಎನ್‌ಒಸಿ. ಹುಬ್ಬಳ್ಳಿಯ ಗಾಡಿ ಶಿರಸಿಗೋ ಬೆಂಗಳೂರಿಗೋ ಹೋದರೆ ಸಿಸಿ. ಕರ್ನಾಟಕವನ್ನೇ ಬಿಟ್ಟು ಹೋಗುವುದಾದರೆ ಎನ್‌ಒಸಿ. ಏಜೆಂಟರ ಜೊತೆ ಮಾತಾಡುವಾಗ ಇದು ಗೊತ್ತಿರಲಿ.

ಎನ್‌ಒಸಿ ಕೊಡುವುದು ಒಂದು ನಿರ್ದಿಷ್ಟ ಆರ್‌ಟಿಓ ಹೆಸರಿಗೆ. ಮಹಾರಾಷ್ಟ್ರಕ್ಕೆ ಅಂದರೆ ಸಾಲದು, ಕೊಲ್ಹಾಪುರದ ಎಂಎಚ್-09 ಅನ್ನಬೇಕು. ಸಾಂಗ್ಲಿಯಾದರೆ ಎಂಎಚ್-10. ಗೋವಾದಲ್ಲಿ ಮಾಪುಸಾ ಜಿಎ-03, ವಾಸ್ಕೊ ಜಿಎ-06. ಕೊಂಡವರ ವಿಳಾಸ ಯಾವ ಆರ್‌ಟಿಓ ವ್ಯಾಪ್ತಿಗೆ ಬರುತ್ತದೆ ಎಂದು ಅವರಿಂದಲೇ ಬರಹದಲ್ಲಿ ತರಿಸಿಕೊಳ್ಳಿ, ವಾಟ್ಸ್ಆ್ಯಪ್ ಮೆಸೇಜಾದರೂ ಸರಿ. ಜೊತೆಗೆ ಆಧಾರ್, ಪ್ಯಾನ್, ವಿಳಾಸದ ದಾಖಲೆ. ಕೆಲಸಕ್ಕಾಗಿ ಗೋವಾದಲ್ಲಿರುವ ನಮ್ಮೂರ ಹುಡುಗರಿಗೆ ಆಧಾರ್ ವಿಳಾಸ ಇನ್ನೂ ನವಲಗುಂದದ್ದೇ ಇರುತ್ತದೆ. ಅಲ್ಲಿನ ವಿಳಾಸಕ್ಕೆ ದಾಖಲೆ ಇಲ್ಲದಿದ್ದರೆ ಎನ್‌ಒಸಿ ತೆಗೆದೂ ಉಪಯೋಗವಿಲ್ಲ. ಅಂಥವರಿಗೆ ಮೊದಲು ಇಲ್ಲೇ ಅವರ ಹೆಸರಿಗೆ ಮಾಡಿಸಿ ಕೊಡುವುದು ಒಳ್ಳೆಯದು. ಆಮೇಲಿನದು ಅವರ ಪಾಡು.

ಇಲ್ಲೊಂದು ಸಿಕ್ಕು ಇದೆ. ಎನ್‌ಒಸಿ ಆದ ಕೂಡಲೇ ವಾಹನ್‌ನಲ್ಲಿ ನಿಮ್ಮ ಗಾಡಿಯ ಬೇರೆ ಕೆಲಸಗಳಿಗೆಲ್ಲ ಬೀಗ ಬೀಳುತ್ತದೆ. ಗಿರಾಕಿ ಮನಸ್ಸು ಬದಲಿಸಿದರೆ ಅದನ್ನು ಇಲ್ಲೇ ಇನ್ನೊಬ್ಬರಿಗೆ ಮಾರಲೂ ಆಗದು. ಆ ಎನ್‌ಒಸಿ ರದ್ದು ಮಾಡಿಸಬೇಕು. ಅದಕ್ಕೆ "ನಮ್ಮಲ್ಲಿ ನೋಂದಣಿ ಆಗಿಲ್ಲ" ಎಂಬ ಪತ್ರವನ್ನು ಗಿರಾಕಿಯ ಊರಿನ ಆರ್‌ಟಿಓದಿಂದ ತರಬೇಕಾಗುತ್ತದೆ. ಆದ್ದರಿಂದ ಬರೀ ಬಾಯಿಮಾತಿನ ಮೇಲೆ ಅರ್ಜಿ ಹಾಕಬೇಡಿ. ನಿಮ್ಮ ಓಡಾಟ ಭರಿಸುವಷ್ಟಾದರೂ ಮುಂಗಡ ತೆಗೆದುಕೊಳ್ಳಿ. ವ್ಯಾಪಾರ ಅವರಿಂದ ಮುರಿದರೆ ಅದು ವಾಪಸ್ ಇಲ್ಲ ಎಂದು ಬರೆದುಕೊಳ್ಳಿ. ನಿಜವಾಗಿ ಕೊಳ್ಳುವವರು ಇದಕ್ಕೆ ಬೇಡ ಅನ್ನುವುದಿಲ್ಲ.

ಅರ್ಜಿ ಫಾರ್ಮ್ 28. ಪರಿವಾಹನ್‌ನ ವಾಹನ ಸೇವೆಗಳಲ್ಲಿ ಗಾಡಿ ನಂಬರು, ಚಾಸಿಯ ಕೊನೆಯ ಐದು ಅಂಕಿ ಹಾಕಿ ಓಟಿಪಿ ಕೊಟ್ಟರೆ ಎನ್‌ಒಸಿ ಅರ್ಜಿ ತೆರೆಯುತ್ತದೆ. ಹೋಗುವ ರಾಜ್ಯ, ಆರ್‌ಟಿಓ ಆರಿಸಿ ಶುಲ್ಕ ಕಟ್ಟಿ ಪ್ರಿಂಟ್ ತೆಗೆಯಿರಿ. ಫಾರ್ಮ್ 28 ಮೂರು ಪ್ರತಿ ಬೇಕು. ಆರ್‌ಸಿ, ಇನ್ಶೂರೆನ್ಸ್, ಹೊಗೆ ಪ್ರಮಾಣಪತ್ರ, ತೆರಿಗೆ ದಾಖಲೆ, ನಿಮ್ಮ ಗುರುತಿನ ಚೀಟಿ ಜೊತೆಗಿರಲಿ. ಗಾಡಿ ಕಳುವಿನ ಪಟ್ಟಿಯಲ್ಲಿಲ್ಲ ಎಂಬ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಯನ್ನೂ ಕೇಳುತ್ತಾರೆ. ಅದು ಡಿಜಿಟಲ್ ಪೊಲೀಸ್ ಪೋರ್ಟಲ್‌ನಲ್ಲಿ ಸಿಗುತ್ತದೆ.

ಆಮೇಲೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್. ಸಣ್ಣ ಕೆಲಸ, ಆದರೆ ಎಲ್ಲರನ್ನೂ ಸತಾಯಿಸುತ್ತದೆ. ಬೈಕಿನಲ್ಲಿ ನಂಬರು ಸಾಮಾನ್ಯವಾಗಿ ಹ್ಯಾಂಡಲ್ ಕೆಳಗಿನ ಕೊಳವೆಯ ಪಕ್ಕಕ್ಕೆ ಇರುತ್ತದೆ. ಕಾರಿನಲ್ಲಿ ಮಾಡೆಲ್ ನೋಡಿಕೊಂಡು ಬಾನೆಟ್ ಒಳಗಿನ ಗೋಡೆ ಅಥವಾ ಮುಂದಿನ ಸೀಟಿನ ಕಾರ್ಪೆಟ್ ಅಡಿ ಹುಡುಕಬೇಕು. ನವಲಗುಂದ, ನರಗುಂದದ ಕಡೆ ಓಡಿದ ಗಾಡಿಯಾದರೆ ಅಂಕಿಗಳ ಸಂದಿಯಲ್ಲಿ ಎರೆಮಣ್ಣು ಸಿಮೆಂಟಿನ ಹಾಗೆ ಕೂತಿರುತ್ತದೆ. ಪೆಟ್ರೋಲ್ ಹಚ್ಚಿದ ಬಟ್ಟೆಯಿಂದ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಸ್ಯಾಂಡ್‌ಪೇಪರ್ ಮಾತ್ರ ಮುಟ್ಟಿಸಬೇಡಿ. ಅಂಕಿ ಸವೆದರೆ ಯಾರೋ ತಿದ್ದಿದ್ದಾರೆ ಎಂಬ ಅನುಮಾನ ಬರುತ್ತದೆ, ಆ ಅನುಮಾನ ಹೋಗಲಾಡಿಸಲು ಇನ್ನೊಂದು ಸುತ್ತು. ಚೆನ್ನಾಗಿ ಒಣಗಿದ ಮೇಲೆ ತೆಳ್ಳನೆಯ ಕಾಗದ ಒತ್ತಿ ಹಿಡಿದು, ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ಒಂದೇ ದಿಕ್ಕಿಗೆ ತಿಕ್ಕಿ. ಕಾಗದ ಹಿಡಿಯಲು ಜಾಗವಿಲ್ಲದಿದ್ದರೆ ಅಂಕಿಗಳ ಮೇಲೇ ಪೆನ್ಸಿಲ್ ಉಜ್ಜಿ, ಅಗಲದ ಸೆಲೋಟೇಪ್ ಒತ್ತಿ ಎತ್ತಿ ಕಾಗದಕ್ಕೆ ಅಂಟಿಸಿ. ಮೂರು ಫಾರ್ಮಿಗೆ ಮೂರು, ಮೇಲೆ ಒಂದೆರಡು ಜಾಸ್ತಿ ತೆಗೆದಿಡಿ. ಕೊಂಡವರಿಗೂ ಬೇಕಾಗುತ್ತವೆ.

ಅರ್ಜಿ ಕೊಟ್ಟಾಗ ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ 30 ದಿನದೊಳಗೆ ಎನ್‌ಒಸಿ ಕೊಡಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು. ಏನೂ ಹೇಳದಿದ್ದರೆ ಕೊಟ್ಟಂತೆಯೇ ಎಂದು ಕಾನೂನು ಹೇಳುತ್ತದೆ. ಆದರೆ ಬರೀ ಸ್ವೀಕೃತಿ ಹಿಡಿದು ಇನ್ನೊಂದು ರಾಜ್ಯದ ಕೌಂಟರಿನಲ್ಲಿ ಇದನ್ನು ವಾದಿಸುವುದು ಕಷ್ಟ. ಅಲ್ಲಿ ಕಂಪ್ಯೂಟರಿನಲ್ಲಿ ಕಾಣಿಸಬೇಕು.

ಹಳದಿ ಬೋರ್ಡಿನ ಗಾಡಿಯಾದರೆ ಪರ್ಮಿಟ್ ಒಪ್ಪಿಸಬೇಕು, ತೆರಿಗೆ ಅಲ್ಲಿಯವರೆಗೆ ಕಟ್ಟಿರಬೇಕು, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಇರಬೇಕು. ದೆಹಲಿ ಸುತ್ತಮುತ್ತಲಿಗೆ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಮಾರುವ ಯೋಚನೆಯೇ ಬೇಡ.

ದುಡ್ಡು, ಡೆಲಿವರಿ ನೋಟ್

ದುಡ್ಡು ಬ್ಯಾಂಕಿನ ಮೂಲಕವೇ ಬರಲಿ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಹಾಕಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆಯ ಬ್ಯಾಲೆನ್ಸ್ ನೋಡಿ. ದುಡ್ಡು ಹಾಕಲು ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಅಂದರೆ ಅದು ಮೋಸ. ದುಡ್ಡು ಪಡೆಯಲು ಯಾರೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ.

ಡೆಲಿವರಿ ನೋಟ್, ಅಂದರೆ ಗಾಡಿ ಒಪ್ಪಿಸಿದ ಕರಾರು, ಇ-ಸ್ಟಾಂಪ್ ಕಾಗದದ ಮೇಲೆ ಇರಲಿ. ಬಾಂಡ್ ಬರೆಯುವವರು ಒಂದು ಸಿದ್ಧ ಮಾದರಿ ಕೊಡುತ್ತಾರೆ, ಅದರಲ್ಲಿ ಸಮಯ ಇರುವುದಿಲ್ಲ. ನೀವು ಸೇರಿಸಿ. "ಇವತ್ತಿನ ದಿನಾಂಕ ಸಂಜೆ 6:40ರಿಂದ ಈ ವಾಹನದ ಅಪಘಾತ, ದಂಡ, ಟೋಲ್, ಪೊಲೀಸ್ ಕೇಸು ಎಲ್ಲದರ ಹೊಣೆ ಖರೀದಿದಾರರದು, 30 ದಿನದೊಳಗೆ ಅವರ ಆರ್‌ಟಿಓದಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕುತ್ತಾರೆ" ಎಂಬ ಧಾಟಿಯಲ್ಲಿ ಇದ್ದರೆ ಸಾಕು. ಅವತ್ತು ರಾತ್ರಿ ಬೆಳಗಾವಿಯಲ್ಲಿ ಸಿಗ್ನಲ್ ಜಂಪ್ ಮಾಡಿದರೆ ಚಲನ್ ನಿಮ್ಮ ಫೋನಿಗೇ ಬರುತ್ತದೆ, ಆಗ ಈ ಒಂದು ಸಾಲು ಕೆಲಸಕ್ಕೆ ಬರುತ್ತದೆ. ಓಡೊಮೀಟರ್ ರೀಡಿಂಗ್, ಕೊಟ್ಟ ಕೀಗಳ ಸಂಖ್ಯೆ, ಎನ್‌ಒಸಿ ನಂಬರು ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಗಾಡಿ ಪಕ್ಕ ಕೊಂಡವರನ್ನು ನಿಲ್ಲಿಸಿ, ನಂಬರ್ ಪ್ಲೇಟ್ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಇದಕ್ಕೆ ನಾಚಿಕೆ ಪಡುವವರು ಜಾಸ್ತಿ, ಆದರೆ ಆಮೇಲೆ ಅಗತ್ಯ ಬಿದ್ದಾಗ ಇದೇ ಗಟ್ಟಿ ಸಾಕ್ಷಿ.

ಇದಕ್ಕೂ ಒಂದು ಮಿತಿ ಇದೆ: ಕರಾರಿನಲ್ಲಿ ಏನೇ ಬರೆದಿದ್ದರೂ ಅಪಘಾತದಲ್ಲಿ ನೊಂದವರಿಗೆ ಅದು ಅಡ್ಡಿಯಲ್ಲ. ಅವರು ದಾಖಲೆಯಲ್ಲಿರುವ ಮಾಲೀಕರನ್ನೇ ಹಿಡಿಯುತ್ತಾರೆ. ನೀವು ಆ ದುಡ್ಡನ್ನು ಕೊಂಡವರಿಂದ ವಸೂಲಿ ಮಾಡಲು ಮಾತ್ರ ಈ ಕಾಗದ ಸಹಾಯಕ್ಕೆ ಬರುತ್ತದೆ.

ಫಾರ್ಮ್ 29, 30

ಗಾಡಿ ಮಾರಿದ್ದನ್ನು ತಿಳಿಸುವ ಫಾರ್ಮ್ 29 ಎರಡು ಪ್ರತಿ, ಹೆಸರು ಬದಲಾವಣೆಯ ಅರ್ಜಿಯಾದ ಫಾರ್ಮ್ 30 ಒಂದು. ಖಾಲಿ ಫಾರ್ಮಿಗೆ ಸಹಿ ಬೇಡವೇ ಬೇಡ. ಕೊಂಡವರ ಹೆಸರು, ವಿಳಾಸ, ದಿನಾಂಕ, ಗಾಡಿ ನಂಬರು ನಿಮ್ಮ ಕೈಯಲ್ಲೇ ತುಂಬಿ ಆಮೇಲೆ ಸಹಿ ಮಾಡಿ. ಖಾಲಿ ಬಿಟ್ಟರೆ ಕೊಂಡವರು ತಮ್ಮ ಹೆಸರಿಗೆ ಮಾಡಿಸದೆ, ಲಾಭಕ್ಕೆ ಇನ್ನೊಬ್ಬರಿಗೆ ದಾಟಿಸುತ್ತಾರೆ. ಅವರು ಮತ್ತೊಬ್ಬರಿಗೆ. ಗಾಡಿ ಎಲ್ಲಿದೆ ಎಂದು ನಿಮಗೆ ಗೊತ್ತಾಗುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಡೀಲರ್ ಕೊಳ್ಳುವುದಾದರೆ ಅವರ ಬಳಿ ಆರ್‌ಟಿಓ ಕೊಟ್ಟ ಅಧಿಕೃತ ಪತ್ರ ಇದೆಯೇ ಕೇಳಿ. 2023ರ ಏಪ್ರಿಲ್ 1ರಿಂದ ಆ ನಿಯಮ ಬಂದಿದೆ. ಗಾಡಿ ಡೀಲರ್ ಕೈಗೆ ಹೋದದ್ದನ್ನು ಪೋರ್ಟಲ್‌ನಲ್ಲೇ ದಾಖಲಿಸಬಹುದು.

ಎಲ್ಲ ಫಾರ್ಮುಗಳು, ಎನ್‌ಒಸಿ, ಆರ್‌ಸಿಯ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಮೂಲ ಪ್ರತಿಗಳು ಅವರ ಜೊತೆ ಹೋಗುತ್ತವೆ.

ನಿಮ್ಮ ಆರ್‌ಟಿಓಗೆ ತಿಳಿಸುವುದು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗೆ ಮಾರಿದರೆ 14 ದಿನ, ಹೊರಗೆ ಮಾರಿದರೆ 45 ದಿನದೊಳಗೆ ಮಾರಿದವರೇ ತಿಳಿಸಬೇಕು. ಕೊಂಡವರು ತಮ್ಮ ಕಡೆ ತಿಳಿಸಲು ಇರುವ 30 ದಿನ ಬೇರೆ. ತುಂಬಿದ ಫಾರ್ಮ್ 29, ಎನ್‌ಒಸಿ ಪ್ರತಿ, ಡೆಲಿವರಿ ನೋಟಿನ ಪ್ರತಿ ಸೇರಿಸಿ ಒಂದು ಪತ್ರ ಬರೆದು ಟಪಾಲು ವಿಭಾಗಕ್ಕೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಹೋಗಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ಪುರಾವೆ ಇಟ್ಟುಕೊಳ್ಳಿ.

ಕೀ ಕೊಟ್ಟ ಮೇಲೆ

ಫಾಸ್ಟ್ಯಾಗ್ ಅವತ್ತೇ ಕಿತ್ತು, ಬ್ಯಾಂಕಿನಲ್ಲಿ ಮುಚ್ಚಿಸಿ. ಬಿಟ್ಟರೆ ಗಾಡಿ ಕೊಲ್ಹಾಪುರ ತಲುಪುವಷ್ಟರಲ್ಲಿ ಹತ್ತರಗಿ, ಕೊಗನೊಳ್ಳಿ ಟೋಲಿನ ದುಡ್ಡು ನಿಮ್ಮ ಖಾತೆಯಿಂದ ಹೋಗಿರುತ್ತದೆ. ನಿಮ್ಮ ಟ್ಯಾಗ್ ಮುಚ್ಚದಿದ್ದರೆ ಅದೇ ನಂಬರಿಗೆ ಅವರು ಹೊಸ ಟ್ಯಾಗ್ ತೆಗೆಯಲೂ ಆಗುವುದಿಲ್ಲ, ಒಂದು ಗಾಡಿಗೆ ಒಂದೇ ಟ್ಯಾಗ್.

ಇನ್ಶೂರೆನ್ಸ್ ಮಾತ್ರ ಆತುರದಲ್ಲಿ ರದ್ದು ಮಾಡಬೇಡಿ. ಹೆಸರು ಬದಲಾಗುವವರೆಗೆ ಅಪಘಾತದ ಹೊಣೆ ನಿಮ್ಮ ಮೇಲೂ ಇದೆ, ಪಾಲಿಸಿ ಇಲ್ಲದಿದ್ದರೆ ಪರಿಹಾರ ನಿಮ್ಮ ಜೇಬಿನಿಂದ. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆಗೇ ಕೊಂಡವರಿಗೆ ಹೋಗುತ್ತದೆ. ಪಾಲಿಸಿ ಹೆಸರು ಬದಲಿಸಲು ಅವರು 14 ದಿನದೊಳಗೆ ಕಂಪನಿಗೆ ಅರ್ಜಿ ಹಾಕಬೇಕು. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮಾತ್ರ ನಿಮ್ಮದೇ. ಮಾರಿದ ದಾಖಲೆ ತೋರಿಸಿ ಅದರ ಪತ್ರ ತೆಗೆದುಕೊಳ್ಳಿ. 3 ವರ್ಷದೊಳಗೆ ಹೊಸ ಗಾಡಿಗೆ ಬಳಸಬಹುದು. ಹಲವು ವರ್ಷ ಕ್ಲೇಮ್ ಮಾಡದವರಿಗೆ ಅದು 50 ಪರ್ಸೆಂಟ್‌ವರೆಗೆ ಇರುತ್ತದೆ, ಸಣ್ಣ ಮೊತ್ತವಲ್ಲ.

ನೀವು ಕಟ್ಟಿದ ಜೀವಿತಾವಧಿ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಲು ಅವಕಾಶವಿದೆ. ಆದರೆ ಅಲ್ಲಿ ಹೊಸ ನೋಂದಣಿ ಆದ ದಾಖಲೆ ಬೇಕು, ಅದಕ್ಕೆ ಕೊಂಡವರ ಸಹಕಾರ ಬೇಕು. ಅವರು ತಮ್ಮ ರಾಜ್ಯದ ತೆರಿಗೆ ಬೇರೆ ಕಟ್ಟುತ್ತಾರೆ, ಹಾಗಾಗಿ ಈ ವಾಪಸ್ ದುಡ್ಡು ತಮಗೆ ಅನ್ನುವುದು ಸಾಮಾನ್ಯ. ಯಾರಿಗೆ ಎಂಬುದನ್ನು ರೇಟು ಮಾತಾಡುವಾಗಲೇ ಬಗೆಹರಿಸಿ ಕರಾರಿನಲ್ಲಿ ಬರೆಯಿರಿ.

ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಹಳೆಯ ನಂಬರನ್ನು ಆಗಾಗ ಹಾಕಿ ನೋಡಿ. ಮೊದಲು ಎನ್‌ಒಸಿ ಕೊಟ್ಟಿದೆ ಎಂದು ಕಾಣಿಸಬೇಕು. ಅಲ್ಲಿ ನೋಂದಣಿ ಆದ ಮೇಲೆ ಹೊಸ ಆರ್‌ಸಿಯ ಫೋಟೊ ಕಳಿಸಲು ಹೇಳಿ. ಬಾಕಿ ಹಣದಲ್ಲಿ ಸ್ವಲ್ಪ ನೀವೇ ಡಿಪಾಸಿಟ್ ಅಂತ ಹಿಡಿದುಕೊಂಡು, ಆ ಫೋಟೊ ಬಂದ ದಿನ ವಾಪಸ್ ಹಾಕುತ್ತೇನೆ ಎಂದರೆ ಕೆಲಸ ಬೇಗ ಆಗುತ್ತದೆ. ಫೋನ್ ಮಾಡಿ ಮಾಡಿ ಬೇಸತ್ತವರಿಗಿಂತ ಈ ದಾರಿ ಹಿಡಿದವರೇ ಹಾಯಾಗಿರುತ್ತಾರೆ.

ತಿಂಗಳುಗಳಾದರೂ ಹೆಸರು ಬದಲಾಗಿಲ್ಲ, ಫೋನೂ ಎತ್ತುತ್ತಿಲ್ಲ ಎಂದಾದರೆ ಮೂರು ಕಡೆ ಬರಹದಲ್ಲಿ ತಿಳಿಸಿ: ನಿಮ್ಮ ಆರ್‌ಟಿಓ, ಎನ್‌ಒಸಿಯಲ್ಲಿರುವ ಆ ಊರಿನ ಆರ್‌ಟಿಓ, ನಿಮ್ಮ ವ್ಯಾಪ್ತಿಯ ಪೊಲೀಸ್ ಠಾಣೆ. ಡೆಲಿವರಿ ನೋಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಆ ಫೋಟೊ ಲಗತ್ತಿಸಿ. ಕೊಂಡವರ ಆಧಾರ್ ವಿಳಾಸಕ್ಕೆ ವಕೀಲರಿಂದ ಒಂದು ನೋಟಿಸ್ ಹೋದರೆ ಎಷ್ಟೋ ಜನ ಮರುವಾರವೇ ಆರ್‌ಟಿಓ ಮೆಟ್ಟಿಲು ಹತ್ತುತ್ತಾರೆ. ಅಲ್ಲಿಯವರೆಗೆ ಇನ್ಶೂರೆನ್ಸ್ ಮುಗಿಯುವ ದಿನಾಂಕದ ಮೇಲೆ ಕಣ್ಣಿಡಿ. ಅವರು ನವೀಕರಿಸದಿದ್ದರೆ ಥರ್ಡ್ ಪಾರ್ಟಿ ಪಾಲಿಸಿಯನ್ನಾದರೂ ನೀವೇ ಕಟ್ಟಿ, ಆ ಖರ್ಚನ್ನೂ ನೋಟಿಸಿನಲ್ಲಿ ಸೇರಿಸಿ.